ಟೈಮ್ಸ್ ಸ್ಕ್ವೇರ್ ನೋಡಲು ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಯಾರ್ಕಿಗೆ ಹೊರಟವರು, ಮಕ್ಕಳ ಮನೆಗೆ ಅಂತ ನ್ಯೂಜೆರ್ಸಿಗೆ ಬಂದ ಅಪ್ಪ ಅಮ್ಮಂದಿರು, ಆಫೀಸ್ ಕೆಲಸದ ಮೇಲೆ ಬಂದು ಒಂದೇ ಒಂದು ಸಂಜೆ ಬಿಡುವು ಸಿಕ್ಕವರು. ಇವರೆಲ್ಲ ಮಾತಿನಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಒಂದು ಕಡೆ ಸೇರಿಸಿದ್ದೇನೆ. ಸುಲಭದ್ದು ಮೊದಲು, ಆಸಕ್ತಿ ಇರುವವರಿಗೆ ಬೇಕಾದದ್ದು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಂಡರೂ ಸಾಕು.

## ಮೊದಲ ಸಲ ಹೋಗುವವರಿಗೆ

ಅಲ್ಲಿ ನೋಡೋಕೆ ಏನಿದೆ? ಬರೀ ಜಾಹೀರಾತು ಬೋರ್ಡು ಅಂತಾರಲ್ಲ?

ಹೌದು, ಬೋರ್ಡುಗಳೇ. ಗುಡಿ ಇಲ್ಲ, ಅರಮನೆ ಇಲ್ಲ, ಒಳಗೆ ಹೋಗಿ ನೋಡಿ ಬರುವಂಥದ್ದು ಏನೂ ಇಲ್ಲ. ಅದನ್ನು ಮೊದಲೇ ತಿಳಿದುಕೊಂಡು ಹೋದರೆ ಖುಷಿ ಆಗುತ್ತದೆ, ಇಲ್ಲದಿದ್ದರೆ "ಇಷ್ಟೇನಾ" ಅನ್ನಿಸುತ್ತದೆ. ಅಲ್ಲಿ ನೋಡಬೇಕಾದ್ದು ಬೆಳಕು ಮತ್ತು ಜನ. ನಾಲ್ಕೂ ಕಡೆ ಹತ್ತಾರು ಮಹಡಿ ಎತ್ತರದ ಪರದೆಗಳು, ಕೆಳಗೆ ಜಗತ್ತಿನ ಎಲ್ಲ ಮೂಲೆಯಿಂದ ಬಂದು ತಲೆ ಎತ್ತಿಕೊಂಡು ನಿಂತ ಜನ. ರಾತ್ರಿ 10 ಗಂಟೆಗೂ ಮುಖಗಳು ಹಗಲಿನ ಹಾಗೆ ಕಾಣುತ್ತವೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಈ ಬೆಳಕು ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದಲ್ಲ, ನಗರದ ಕಾನೂನೇ ಹಾಗಿದೆ. 1980ರ ದಶಕದಲ್ಲಿ ಇಲ್ಲಿ ದೊಡ್ಡ ದೊಡ್ಡ ಆಫೀಸ್ ಕಟ್ಟಡಗಳು ಬರಲು ಶುರುವಾದಾಗ, ಜಾಗದ ಗುಣವೇ ಸತ್ತುಹೋಗುತ್ತದೆ ಅಂತ ರಂಗಭೂಮಿಯವರು, ಕಲಾವಿದರು ಗಲಾಟೆ ಮಾಡಿದರು. 1987ರಲ್ಲಿ ಹೊಸ ನಿಯಮ ಬಂತು: ಇಲ್ಲಿ ಹೊಸ ಕಟ್ಟಡ ಕಟ್ಟುವವರು ಹೊಳೆಯುವ ಬೋರ್ಡು ಹಾಕಲೇಬೇಕು, ಅದು ಇಷ್ಟು ಪ್ರಕಾಶ ಕೊಡಲೇಬೇಕು. ಆ ಪ್ರಕಾಶ ಅಳೆಯಲು ಟೈಮ್ಸ್ ಸ್ಕ್ವೇರ್ ಹೆಸರಿನಲ್ಲೇ ಒಂದು ಅಳತೆಯನ್ನೂ ಮಾಡಿಕೊಂಡರು. ಬೇರೆ ಊರುಗಳು ಬೋರ್ಡು ಕಡಿಮೆ ಮಾಡಿ ಅಂತ ಕಾನೂನು ಮಾಡುತ್ತವೆ, ಇಲ್ಲಿ ಉಲ್ಟಾ.

ಮ್ಯಾಪಿನಲ್ಲಿ ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ ಅಂತಾನೇ ಗೊತ್ತಾಗ್ತಿಲ್ಲ. ಎಲ್ಲಿ ಹೋಗಿ ನಿಲ್ಲಬೇಕು?

ಮ್ಯಾನ್‌ಹಟನ್‌ನ ರಸ್ತೆಗಳೆಲ್ಲ ಗೆರೆ ಎಳೆದ ಹಾಗೆ ನೇರ. ಬ್ರಾಡ್‌ವೇ ಮಾತ್ರ ಓರೆಯಾಗಿ ಬರುತ್ತದೆ. ಅದು ಸೆವೆಂತ್ ಅವೆನ್ಯೂವನ್ನು ಕತ್ತರಿಸುವ ಜಾಗವೇ ಟೈಮ್ಸ್ ಸ್ಕ್ವೇರ್, 42ನೇ ಬೀದಿಯಿಂದ 47ನೇ ಬೀದಿವರೆಗೆ. ಮೇಲಿನಿಂದ ನೋಡಿದರೆ ಎರಡು ತ್ರಿಕೋನಗಳು ಮೂತಿಗೆ ಮೂತಿ ತಾಗಿಸಿ ನಿಂತ ಹಾಗೆ ಕಾಣುತ್ತದೆ. ಉತ್ತರದ ತ್ರಿಕೋನಕ್ಕೆ ಡಫಿ ಸ್ಕ್ವೇರ್ ಅಂತ ಬೇರೆ ಹೆಸರು. ಮೊದಲನೇ ಮಹಾಯುದ್ಧದಲ್ಲಿ ಸೈನಿಕರ ಜೊತೆ ಇದ್ದ ಪಾದ್ರಿ ಫ್ರಾನ್ಸಿಸ್ ಡಫಿ ಅವರ ಪ್ರತಿಮೆ ಅಲ್ಲಿದೆ, 1937ರದ್ದು.

ನಿಲ್ಲಬೇಕಾದ ಜಾಗ ಅಂದರೆ ಆ ಪ್ರತಿಮೆಯ ಹಿಂದಿನ ಕೆಂಪು ಗಾಜಿನ ಮೆಟ್ಟಿಲು. 27 ಮೆಟ್ಟಿಲಿದೆ, 2008ರಲ್ಲಿ ಕಟ್ಟಿದ್ದು. ತುದಿಗೆ ಹತ್ತಿ ದಕ್ಷಿಣಕ್ಕೆ ಮುಖ ಮಾಡಿ ಕೂತರೆ ಇಡೀ ಜಾಗ ಕಣ್ಣ ಮುಂದೆ. ಗುಂಪಿನಲ್ಲಿ ಹೋಗುವವರು "ತಪ್ಪಿಸಿಕೊಂಡರೆ ಡಫಿ ಪ್ರತಿಮೆ ಹತ್ತಿರ ಬನ್ನಿ" ಅಂತ ಮೊದಲೇ ಹೇಳಿಟ್ಟುಕೊಳ್ಳಿ. ಮಕ್ಕಳಿಗೆ ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿಡಿ.

ಎಂಟ್ರಿ ಟಿಕೆಟ್ ಎಷ್ಟು? ಎಷ್ಟು ಗಂಟೆಗೆ ಮುಚ್ತಾರೆ?

ಟಿಕೆಟ್ ಇಲ್ಲ. ಮುಚ್ಚುವುದೂ ಇಲ್ಲ. ಅದು ರಸ್ತೆ.

ಹಗಲು ಹೋಗೋದಾ, ರಾತ್ರಿನಾ?

ಎರಡೂ ಹೊತ್ತು ಹೋಗಲು ಆದರೆ ಅದಕ್ಕಿಂತ ಒಳ್ಳೆಯದಿಲ್ಲ. ಒಂದೇ ಸಲ ಅಂದರೆ ಕತ್ತಲಾಗುವ ಹೊತ್ತಿಗೆ ಅಲ್ಲಿರಿ. ಆಕಾಶ ಇನ್ನೂ ನೀಲಿಯಾಗಿ, ಬೋರ್ಡುಗಳು ಮೆಲ್ಲಗೆ ಮೇಲುಗೈ ಪಡೆಯುವ ಆ ಅರ್ಧ ಗಂಟೆ ಇದೆಯಲ್ಲ, ಅದೇ ಚೆಂದ. ಆದರೆ ಕಾಲಕ್ಕೆ ತಕ್ಕ ಹಾಗೆ ಲೆಕ್ಕ ಹಾಕಿಕೊಳ್ಳಿ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಎಂಟೂವರೆ, ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು.

ಜನಜಂಗುಳಿ ಆಗದವರು ಬೆಳಿಗ್ಗೆ ಆರು, ಏಳಕ್ಕೆ ಹೋಗಿ. ವಿಮಾನದ ಆಯಾಸದಲ್ಲಿ ನಸುಕಿಗೇ ಎಚ್ಚರ ಆಗುವವರಿಗೆ ಇದು ಹೇಳಿ ಮಾಡಿಸಿದ ಹೊತ್ತು. ಕಸ ಗುಡಿಸುವವರು, ಕೆಲಸಕ್ಕೆ ಓಡುವವರು, ಖಾಲಿ ಕುರ್ಚಿಗಳು, ಯಾರೂ ನೋಡದಿದ್ದರೂ ಓಡುತ್ತಲೇ ಇರುವ ಪರದೆಗಳು. ನನಗೆ ಈ ಟೈಮ್ಸ್ ಸ್ಕ್ವೇರೇ ಜಾಸ್ತಿ ಇಷ್ಟ.

ರಾತ್ರಿ ಹತ್ತರ ಆಸುಪಾಸಿನಲ್ಲಿ ಮಾತ್ರ ಸುತ್ತಲಿನ ನಾಟಕಮಂದಿರಗಳು ಒಟ್ಟೊಟ್ಟಿಗೆ ಬಿಡುತ್ತವೆ. ಆಗ ಫುಟ್‌ಪಾತಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಚಿಕ್ಕ ಮಕ್ಕಳಿದ್ದರೆ ಅದಕ್ಕೆ ಮುಂಚೆ ಹೊರಟುಬಿಡಿ.

ಎಷ್ಟು ಹೊತ್ತು ಇಟ್ಕೊಳ್ಳಬೇಕು? ಇಡೀ ದಿನ ಬೇಕಾ?

ಒಂದು ಗಂಟೆ ಸಾಕು, ಎರಡು ಧಾರಾಳ. ದಿನದ ಉಳಿದ ಹೊತ್ತನ್ನು ಹತ್ತಿರದ್ದಕ್ಕೆ ಕೊಡಿ. 42ನೇ ಬೀದಿಯಲ್ಲೇ ಪೂರ್ವಕ್ಕೆ ನಡೆದರೆ ಮೊದಲು ಬ್ರಯಂಟ್ ಪಾರ್ಕ್, ಅದಕ್ಕೆ ತಾಗಿಕೊಂಡು 1911ರ ಸಾರ್ವಜನಿಕ ಗ್ರಂಥಾಲಯ, ಇನ್ನೂ ಮುಂದೆ 1913ರ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣ. ಮೂರಕ್ಕೂ ದುಡ್ಡಿಲ್ಲ. ಗ್ರ್ಯಾಂಡ್ ಸೆಂಟ್ರಲ್‌ನ ಛಾವಣಿಯ ನಕ್ಷತ್ರಗಳನ್ನು ನೋಡದೆ ಬರಬೇಡಿ.

## ಹೋಗಿ ಬರುವ ದಾರಿ

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮಗಳ ಮನೆ. ಕಾರಿನಲ್ಲೇ ಹೋಗಿಬಿಡೋಣ ಅಂತಿದಾಳೆ, ಆಗುತ್ತಾ?

ಆಗುತ್ತದೆ, ಆದರೆ ಬೇಡ ಅನ್ನಿ. 2025ರ ಜನವರಿಯಿಂದ ಮ್ಯಾನ್‌ಹಟನ್‌ನಲ್ಲಿ 60ನೇ ಬೀದಿಯಿಂದ ಕೆಳಗೆ ಕಾರು ತಂದರೆ ದಟ್ಟಣೆ ಶುಲ್ಕ ಅಂತ ಹಗಲಿನಲ್ಲಿ 9 ಡಾಲರ್ ಕೊಡಬೇಕು. ನದಿಯಡಿಯ ಸುರಂಗದ ಟೋಲ್ ಬೇರೆ, ಪಾರ್ಕಿಂಗ್ ಬೇರೆ. ಸುರಂಗದ ಬಾಯಲ್ಲಿ ಸಾಲುಗಟ್ಟಿ ನಿಂತ ಕಾರಿನಲ್ಲಿ ಅರ್ಧ ಸಂಜೆ ಕಳೆದುಹೋಗುತ್ತದೆ, ಮಂಡಿನೋವಿನವರಿಗೆ ಅದೇ ದೊಡ್ಡ ಹಿಂಸೆ.

ಎಡಿಸನ್ ಅಥವಾ ಮೆಟ್ರೋಪಾರ್ಕ್ ಸ್ಟೇಷನ್ನಿನಲ್ಲಿ ಕಾರು ಬಿಟ್ಟು ಎನ್‌ಜೆ ಟ್ರಾನ್ಸಿಟ್ ರೈಲು ಹತ್ತಿದರೆ ನೇರ ನ್ಯೂಯಾರ್ಕ್ ಪೆನ್ ಸ್ಟೇಷನ್. ಅದು 34ನೇ ಬೀದಿಯ ಹತ್ತಿರ. ಅಲ್ಲಿಂದ ಸೆವೆಂತ್ ಅವೆನ್ಯೂ ಹಿಡಿದು ಉತ್ತರಕ್ಕೆ ಎಂಟು ಬೀದಿ ನಡೆದರೆ ಬಂತು, ಹದಿನೈದು ನಿಮಿಷ. ನಡೆಯಲು ಆಗದಿದ್ದರೆ 1, 2, 3 ಯಾವುದಾದರೂ ಸಬ್‌ವೇ, ಅಂದರೆ ಇಲ್ಲಿನ ಮೆಟ್ರೋ ರೈಲು ಹತ್ತಿ, ಒಂದೇ ಸ್ಟಾಪು. ಬಸ್ಸಿನಲ್ಲಿ ಬರುವವರು 42ನೇ ಬೀದಿಯಲ್ಲೇ ಇರುವ ಪೋರ್ಟ್ ಅಥಾರಿಟಿ ಬಸ್ ನಿಲ್ದಾಣಕ್ಕೆ ಇಳಿಯುತ್ತೀರಿ, ಅಲ್ಲಿಂದ ಐದು ನಿಮಿಷ.

ಜರ್ಸಿ ಸಿಟಿಯವರಿಗೆ ಪಾತ್ ರೈಲು ಇದೆ, 33ನೇ ಬೀದಿಗೆ ತಂದು ಬಿಡುತ್ತದೆ.

ಸಬ್‌ವೇ ಟಿಕೆಟ್ ಎಲ್ಲಿ ತಗೋಬೇಕು? ಮೆಟ್ರೋಕಾರ್ಡ್ ಮಾಡಿಸ್ಕೋ ಅಂತಾರೆ ಎಲ್ಲರೂ

ಹಳೇ ಮಾತು ಅದು. ಮೆಟ್ರೋಕಾರ್ಡ್ ಮಾರುವುದನ್ನು 2025ರ ಕೊನೆಗೆ ನಿಲ್ಲಿಸಿದರು. ಈಗ ಟ್ಯಾಪ್ ಮಾಡುವ ಬ್ಯಾಂಕ್ ಕಾರ್ಡನ್ನೋ ಫೋನನ್ನೋ ಗೇಟಿಗೆ ತಾಗಿಸಿದರೆ ಸಾಕು, ಅದಕ್ಕೆ ಓಮ್ನಿ ಅಂತ ಹೆಸರು. 2026ರ ಜನವರಿಯಿಂದ ಒಂದು ಸಲಕ್ಕೆ 3 ಡಾಲರ್. ಎಷ್ಟು ದೂರ ಹೋದರೂ ಅಷ್ಟೇ. ಭಾರತದ ಕಾರ್ಡ್ ಬಳಸುವುದಾದರೆ ಹೊರಡುವ ಮೊದಲೇ ವಿದೇಶದ ಬಳಕೆಯನ್ನೂ ಟ್ಯಾಪ್ ಪಾವತಿಯನ್ನೂ ಬ್ಯಾಂಕ್ ಆಪಿನಲ್ಲಿ ಆನ್ ಮಾಡಿಸಿಕೊಳ್ಳಿ, ಇದನ್ನು ಮರೆತು ಗೇಟಿನ ಮುಂದೆ ನಿಂತವರು ಬಹಳ. ಒಂದೇ ಕಾರ್ಡಿನಲ್ಲಿ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಒಳಗೆ ಬಿಡಬಹುದು. 44 ಇಂಚಿಗಿಂತ ಗಿಡ್ಡ ಇರುವ ಮಕ್ಕಳಿಗೆ ಟಿಕೆಟ್ ಇಲ್ಲ.

ಗೇಟು ದಾಟುವ ಮೊದಲು ಬೋರ್ಡಿನಲ್ಲಿ ದಿಕ್ಕು ನೋಡಿ. ಅಪ್‌ಟೌನ್ ಅಂದರೆ ಉತ್ತರಕ್ಕೆ, ಬೀದಿಯ ಸಂಖ್ಯೆ ಏರುವ ಕಡೆಗೆ. ಡೌನ್‌ಟೌನ್ ಅಂದರೆ ದಕ್ಷಿಣಕ್ಕೆ. ಕೆಲವು ಸಣ್ಣ ನಿಲ್ದಾಣಗಳಲ್ಲಿ ಎರಡು ದಿಕ್ಕಿಗೂ ಬೇರೆ ಬೇರೆ ಬಾಗಿಲು, ತಪ್ಪು ಕಡೆ ಇಳಿದರೆ ಮತ್ತೆ ದುಡ್ಡು.

ಏರ್‌ಪೋರ್ಟಿಂದ ಸೀದಾ ಟೈಮ್ಸ್ ಸ್ಕ್ವೇರಿಗೆ ಹೋಗಬಹುದಾ? ಸೂಟ್‌ಕೇಸ್ ಇದೆ

ದಾರಿ ಸುಲಭವೇ. ಜೆಎಫ್‌ಕೆಯಿಂದ ಏರ್‌ಟ್ರೇನ್ ಹಿಡಿದು ಜಮೈಕಾ, ಅಲ್ಲಿಂದ ಇ ರೈಲು. ಲಗ್ವಾರ್ಡಿಯಾದಿಂದ ಕ್ಯೂ 70 ಬಸ್ಸು ಪುಕ್ಕಟೆ, ಜ್ಯಾಕ್ಸನ್ ಹೈಟ್ಸಿಗೆ ಬಂದು 7 ಅಥವಾ ಇ ರೈಲು. ನ್ಯೂಆರ್ಕ್ ವಿಮಾನ ನಿಲ್ದಾಣದಿಂದ ಎನ್‌ಜೆ ಟ್ರಾನ್ಸಿಟ್.

ಆದರೆ ಸೂಟ್‌ಕೇಸ್ ಎಳೆದುಕೊಂಡು ಆ ಗುಂಪಿನಲ್ಲಿ ನುಗ್ಗುವುದು ಬೇಡವೇ ಬೇಡ. ನಮ್ಮ ಕಡೆಯ ರೈಲ್ವೆ ಸ್ಟೇಷನ್ನಿನ ಹಾಗೆ ಸಬ್‌ವೇ ನಿಲ್ದಾಣಗಳಲ್ಲಿ ಲಗೇಜ್ ಇಡುವ ಕೋಣೆ ಇಲ್ಲ. ಹೋಟೆಲಿನಲ್ಲಿ ಚೆಕ್-ಇನ್ ಸಮಯ ಆಗದಿದ್ದರೂ ಬ್ಯಾಗ್ ಇಟ್ಟುಕೊಳ್ಳುತ್ತಾರೆ, ಕೇಳಿ. ಬ್ಯಾಗ್ ಇಟ್ಟು ಕೈಬೀಸಿಕೊಂಡು ಹೋಗಿ.

ರಸ್ತೆ ದಾಟೋದು ಹೇಗೆ? ಅಲ್ಲಿ ಗಾಡಿಗಳು ಓಡಾಡುತ್ತವಾ ಇಲ್ವಾ?

ಬ್ರಾಡ್‌ವೇ ಈ ಐದು ಬೀದಿಗಳ ಉದ್ದಕ್ಕೂ ನಡೆಯುವವರಿಗೆ ಮಾತ್ರ. 2009ರ ಮೇ ತಿಂಗಳಲ್ಲಿ ಪ್ರಯೋಗ ಅಂತ ಕಾರು ನಿಲ್ಲಿಸಿ, ನಡುರಸ್ತೆಯಲ್ಲಿ ಮಡಚುವ ಕುರ್ಚಿ ಹಾಕಿದರು. ಜನ ಬಂದು ಕೂತರು, 2010ರಲ್ಲಿ ಅದನ್ನೇ ಖಾಯಂ ಮಾಡಿದರು, ಆಮೇಲೆ ನೆಲಕ್ಕೆಲ್ಲ ಹೊಸ ಕಲ್ಲುಹಾಸು ಬಂತು. ಆದರೆ ಪಕ್ಕದ ಸೆವೆಂತ್ ಅವೆನ್ಯೂದಲ್ಲಿ ಗಾಡಿಗಳು ಜೋರಾಗಿಯೇ ಓಡುತ್ತವೆ, ಅಡ್ಡಬೀದಿಗಳಲ್ಲೂ. ನಡುವೆ ಗೋಡೆ ಬೇಲಿ ಏನಿಲ್ಲ. ಮೇಲೆ ನೋಡುತ್ತಾ ನೋಡುತ್ತಾ ಹಿಂದೆ ಹೆಜ್ಜೆ ಹಾಕಿ ರಸ್ತೆಗೆ ಇಳಿದುಬಿಡುವುದೇ ಇಲ್ಲಿನ ನಿಜವಾದ ಅಪಾಯ. ಫೋಟೋ ತೆಗೆಯುವವರನ್ನು ಒಬ್ಬರು ಕಾಯುತ್ತಿರಿ.

ಗಾಡಿಗಳು ಬಲಗಡೆ ಓಡುವ ದೇಶ, ಎಷ್ಟೋ ರಸ್ತೆಗಳು ಒನ್‌ವೇ. ಬಲಕ್ಕೆ ಮೊದಲು ನೋಡುವ ನಮ್ಮ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಎರಡೂ ಕಡೆ ನೋಡಿ, ಬ್ಯಾಟರಿ ಸೈಕಲ್‌ಗಳು ಸದ್ದಿಲ್ಲದೆ ಉಲ್ಟಾ ಕೂಡ ಬರುತ್ತವೆ. ಸಿಗ್ನಲ್ಲಿನಲ್ಲಿ ಬಿಳಿ ಮನುಷ್ಯ ಕಂಡರೆ ದಾಟಿ, ಕಿತ್ತಳೆ ಬಣ್ಣದ ಕೈ ಕಂಡರೆ ನಿಲ್ಲಿ. ಊರಿನವರು ಕೈ ಕಂಡಾಗಲೂ ದಾಟುತ್ತಾರೆ. ಅವರನ್ನು ನೋಡಿ ಕಲಿಯಬೇಡಿ.

## ಅಲ್ಲಿಗೆ ಹೋದ ಮೇಲೆ

ಕೇಳೋಕೆ ಮುಜುಗರ, ಆದರೂ ಕೇಳ್ತೀನಿ. ಟಾಯ್ಲೆಟ್ ಎಲ್ಲಿದೆ?

ಮುಜುಗರ ಯಾಕೆ? ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ವಯಸ್ಸಾದವರು ಇದೊಂದು ಭಯಕ್ಕೇ ನೀರು ಕುಡಿಯದೆ ಇಡೀ ಸಂಜೆ ಒದ್ದಾಡುತ್ತಾರೆ. ಅದು ಸರಿಯಲ್ಲ, ಬೇಸಿಗೆಯಲ್ಲಿ ತಲೆ ಸುತ್ತು ಬರುತ್ತದೆ.

ಬಯಲಲ್ಲಿ ಕಣ್ಣಿಗೆ ಬೀಳುವ ಹಾಗೆ ಟಾಯ್ಲೆಟ್ ಇಲ್ಲ, ನಿಜ. ಆದರೆ ಬ್ರಯಂಟ್ ಪಾರ್ಕಿನಲ್ಲಿ 42ನೇ ಬೀದಿಯ ಕಡೆಗೆ ಒಂದು ಸಣ್ಣ ಕಲ್ಲಿನ ಕಟ್ಟಡ ಇದೆ, ಅದು ಅಮೆರಿಕದಲ್ಲೇ ಹೆಸರು ಮಾಡಿದ ಸಾರ್ವಜನಿಕ ಶೌಚಾಲಯ. ಒಳಗೆ ತಾಜಾ ಹೂವು, ಮೆಲ್ಲಗೆ ಸಂಗೀತ, ಉಸ್ತುವಾರಿಗೆ ಜನ. ದುಡ್ಡಿಲ್ಲ. ಹೆಂಗಸರ ಕಡೆ ಸಾಲು ಇರುತ್ತದೆ, ಆದರೆ ಬೇಗ ಮುಂದೆ ಸಾಗುತ್ತದೆ. ಪಕ್ಕದ ಗ್ರಂಥಾಲಯದಲ್ಲೂ ಇದೆ, ಹಗಲು ಹೊತ್ತು. ಪೋರ್ಟ್ ಅಥಾರಿಟಿ ಬಸ್ ನಿಲ್ದಾಣದಲ್ಲಿ ಇದೆ, ಅಷ್ಟು ಚೊಕ್ಕಟ ಅಲ್ಲ. ಇನ್ನು ದೊಡ್ಡ ಹೋಟೆಲುಗಳ ಲಾಬಿ ಮತ್ತು ಬಹುಮಹಡಿ ಅಂಗಡಿಗಳು. ಕಾಫಿ ಅಂಗಡಿಯಲ್ಲಿ ಏನಾದರೂ ಕೊಂಡರೆ ಬಿಲ್ಲಿನಲ್ಲೇ ಬಾಗಿಲಿನ ನಂಬರ್ ಬರೆದಿರುವುದುಂಟು, ಬಿಸಾಡಬೇಡಿ.

ನನ್ನ ಕ್ರಮ ಹೀಗೆ: ಮೊದಲು ಬ್ರಯಂಟ್ ಪಾರ್ಕಿಗೆ ಹೋಗಿ, ಆ ಕೆಲಸ ಮುಗಿಸಿ, ಸ್ವಲ್ಪ ಕೂತು, ಆಮೇಲೆ ಟೈಮ್ಸ್ ಸ್ಕ್ವೇರ್. ಮನಸ್ಸಿಗೆ ನಿರಾಳ ಇದ್ದರೆ ನೋಡುವ ಸುಖವೇ ಬೇರೆ.

ಅಮ್ಮನಿಗೆ ಮಂಡಿನೋವು, ಹತ್ತು ನಿಮಿಷಕ್ಕಿಂತ ನಿಲ್ಲೋಕಾಗಲ್ಲ. ಕರ್ಕೊಂಡು ಹೋಗಲಾ ಬೇಡ್ವಾ?

ಖಂಡಿತ ಕರೆದುಕೊಂಡು ಹೋಗಿ. ಬಯಲಿನಲ್ಲಿ ಮೇಜು ಕುರ್ಚಿಗಳನ್ನು ಹಾಕಿರುತ್ತಾರೆ, ಯಾರು ಬೇಕಾದರೂ ಕೂರಬಹುದು, ಏನೂ ಕೊಳ್ಳಬೇಕಾಗಿಲ್ಲ. ಕಲ್ಲಿನ ಉದ್ದನೆಯ ಬೆಂಚುಗಳೂ ಇವೆ. ಅಮ್ಮನನ್ನು ಕೂರಿಸಿ ನೀವೂ ಪಕ್ಕದಲ್ಲಿ ಕೂತುಕೊಳ್ಳಿ. ಕೂತು ನೋಡುವವರಿಗೇ ಈ ಜಾಗ ಚೆನ್ನಾಗಿ ಕಾಣುವುದು, ಓಡಾಡುವವರಿಗೆ ಬರೀ ಬೆನ್ನುಗಳು ಕಾಣುತ್ತವೆ.

ಟೈಮ್ಸ್ ಸ್ಕ್ವೇರ್ ಸಬ್‌ವೇ ನಿಲ್ದಾಣದಲ್ಲಿ ಲಿಫ್ಟ್ ಇದೆ, ಆದರೆ ಒಳಗೆ ನಡೆಯುವುದು ಜಾಸ್ತಿ. ಒಂದು ರೈಲಿನಿಂದ ಇನ್ನೊಂದಕ್ಕೆ ಹೋಗಲು ಉದ್ದುದ್ದ ಸುರಂಗ. ಮಂಡಿನೋವಿನವರಿಗೆ ಸಿಟಿ ಬಸ್ ಮೇಲು. ಚಾಲಕನಿಗೆ ಕೈ ಸನ್ನೆ ಮಾಡಿದರೆ ಬಸ್ಸಿನ ಮುಂಭಾಗವನ್ನೇ ಫುಟ್‌ಪಾತಿನ ಮಟ್ಟಕ್ಕೆ ಬಗ್ಗಿಸುತ್ತಾನೆ.

ಜನವರಿಯಲ್ಲಿ ಮಾತ್ರ ಯೋಚನೆ ಮಾಡಿ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ, ಕಟ್ಟಡಗಳ ನಡುವೆ ನುಗ್ಗುವ ಗಾಳಿಯಲ್ಲಿ ಕೂರುವುದು ಕಷ್ಟ. ಸ್ವೆಟರ್ ಮತ್ತು ಶಾಲು ಸಾಲದು, ಗಾಳಿ ತಡೆಯುವ ಕೋಟು, ಕಿವಿ ಮುಚ್ಚುವ ಟೋಪಿ ಬೇಕು.

ಮಿಕ್ಕಿ, ಸ್ಪೈಡರ್‌ಮ್ಯಾನ್ ವೇಷದವರ ಜೊತೆ ಫೋಟೋ ತೆಗೆಸಿಕೊಂಡರೆ ದುಡ್ಡು ಕೇಳ್ತಾರಂತೆ?

ಕೇಳುತ್ತಾರೆ. ಅದು ಅವರ ದುಡಿಮೆ. ಆ ವೇಷದೊಳಗೆ ಇರುವವರಲ್ಲಿ ಬೇರೆ ದೇಶದಿಂದ ಬಂದ ಬಡವರು ಬಹಳ ಮಂದಿ, ಬೇಸಿಗೆಯಲ್ಲಿ ಆ ಬಟ್ಟೆಯೊಳಗೆ ಬೇಯುತ್ತಾ ನಿಂತಿರುತ್ತಾರೆ. ಹಾಗಾಗಿ ಫೋಟೋ ಬೇಕಿದ್ದರೆ ಖುಷಿಯಿಂದ ಒಂದಿಷ್ಟು ಕೊಡಿ, ಚಿಲ್ಲರೆ ನೋಟು ಜೇಬಿನಲ್ಲಿರಲಿ. ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ. ಒಬ್ಬರ ಜೊತೆ ನಿಂತರೆ ಇನ್ನೂ ಮೂವರು ಬಂದು ಸೇರಿಕೊಂಡು ಎಲ್ಲರೂ ಕೈ ಚಾಚುತ್ತಾರೆ, ಕ್ಲಿಕ್ ಮಾಡುವ ಮೊದಲೇ "ಇವರೊಬ್ಬರೇ" ಅಂತ ಹೇಳಿ.

ಬೇಡ ಅಂದರೆ ಬೇಡ, ಅದು ನಿಮ್ಮ ಹಕ್ಕು. ಅವರು ಪಡೆಯುವುದು ಟಿಪ್ಸ್, ಶುಲ್ಕ ಅಲ್ಲ. 2016ರಿಂದ ನಗರ ನೆಲದ ಮೇಲೆ ಬಣ್ಣ ಬಳಿದ ಚೌಕಗಳನ್ನು ಗುರುತು ಮಾಡಿದೆ, ದುಡ್ಡಿಗೆ ವೇಷ ಕಟ್ಟುವವರು ಆ ಗೆರೆಯೊಳಗೇ ಇರಬೇಕು. ನೀವು ಆ ಚೌಕದಿಂದ ಹೊರಗೆ ನಡೆದರೆ ಸಾಕು. ದಾರಿಗೆ ಅಡ್ಡ ಬಂದರೆ, ಜೋರು ಮಾಡಿದರೆ ಪೊಲೀಸರು ಹತ್ತು ಹೆಜ್ಜೆಯಲ್ಲೇ ಇರುತ್ತಾರೆ, ಹೇಳಿ.

ಇನ್ನು ಯಾವ ಯಾವ ಥರ ಟೋಪಿ ಹಾಕ್ತಾರೆ?

ಸಿ.ಡಿ. ಕೈಗಿಟ್ಟು "ಫ್ರೀ ಬ್ರದರ್" ಅನ್ನುವವರು. ತಗೊಂಡ ಕೂಡಲೇ ನಿಮ್ಮ ಹೆಸರು ಕೇಳಿ ಅದರ ಮೇಲೆ ಬರೆಯುತ್ತಾರೆ, ಆಮೇಲೆ ದುಡ್ಡು. ಕಾವಿಯೋ ಕೇಸರಿಯೋ ಉಟ್ಟು, ಮಣಿಸರವನ್ನು ಕೈಗೆ ಹಾಕಿ ಕಾಣಿಕೆ ಕೇಳುವವರು. ನಮ್ಮವರು ಕಾವಿ ಕಂಡ ಕೂಡಲೇ ಕೈ ಮುಗಿಯುತ್ತಾರೆ, ಅಲ್ಲೇ ಸಿಕ್ಕಿಬೀಳುವುದು. ಕೈಯನ್ನು ಜೇಬಿನಲ್ಲಿಟ್ಟುಕೊಂಡು ನಡೆದುಬಿಡಿ, ಉತ್ತರ ಕೊಡುವ ಅಗತ್ಯವೂ ಇಲ್ಲ.

ಎಲ್ಲಕ್ಕಿಂತ ದುಬಾರಿ ಪಾಠ ಸೈಕಲ್ ರಿಕ್ಷಾದ್ದು. ಅವರ ಲೆಕ್ಕ ನಿಮಿಷಕ್ಕೆ ಇಷ್ಟು ಡಾಲರ್ ಅಂತ, ಅದೂ ಪ್ರತಿ ತಲೆಗೆ ಅಂತ ಕೊನೆಗೆ ಹೇಳುವವರಿದ್ದಾರೆ. ದರದ ಬೋರ್ಡು ಕಾಣುವ ಹಾಗೆ ಹಾಕಬೇಕು, ಟೈಮರ್ ಇಡಬೇಕು ಅಂತ ನಿಯಮ ಇದೆ. ಹತ್ತುವ ಮೊದಲು ಅದರ ಫೋಟೋ ತೆಗೆದುಕೊಳ್ಳಿ. ಫೋಟೋ ತೆಗೆಯಲು ಬಿಡದಿದ್ದರೆ ಹತ್ತಬೇಡಿ.

ಟೂರ್ ಬಸ್ಸಿನ ಟಿಕೆಟ್ ಮಾರುವವರು ಮೋಸದವರು ಅಂತ ಹೇಳಲಾರೆ, ಆದರೆ ರಸ್ತೆಯಲ್ಲಿ ಹೇಳುವ ಮೊದಲ ಬೆಲೆಗೆ ಯಾವತ್ತೂ ತಗೋಬೇಡಿ.

ರಾತ್ರಿ ಹೊತ್ತು ಸೇಫಾ? ಹೆಂಗಸರಿಬ್ಬರೇ ಹೋಗ್ತಿದೀವಿ

ಬಯಲಿನಲ್ಲಿ ಇರುವಷ್ಟು ಹೊತ್ತು ಭಯ ಬೇಡ. ಬೆಳಕು, ಜನ, ಪೊಲೀಸು ಮೂರೂ ತುಂಬಿರುತ್ತವೆ, ಅಲ್ಲೇ 43ನೇ ಬೀದಿಯ ಹತ್ತಿರ ಪೊಲೀಸ್ ಠಾಣೆಯೂ ಇದೆ. ಜಾಗ್ರತೆ ಬೇಕಿರುವುದು ಎರಡಕ್ಕೆ. ಒಂದು, ಗುಂಪಿನಲ್ಲಿ ಪರ್ಸು, ಫೋನು. ಬೆನ್ನಿನ ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ. ಎರಡು, ರಾತ್ರಿ ಹನ್ನೊಂದರ ಮೇಲೆ ಪಶ್ಚಿಮಕ್ಕೆ ಏಯ್ತ್ ಅವೆನ್ಯೂ ಕಡೆ ಹೋದಂತೆ ವಾತಾವರಣ ಬದಲಾಗುತ್ತದೆ. ಮನೆ ಇಲ್ಲದವರು, ಮಾನಸಿಕ ಕಾಯಿಲೆಯಿಂದ ನರಳುವವರು ಅಲ್ಲಿ ಕಾಣುತ್ತಾರೆ. ಅವರಲ್ಲಿ ಹೆಚ್ಚಿನವರು ಯಾರ ತಂಟೆಗೂ ಬರುವುದಿಲ್ಲ, ನೀವೂ ದಿಟ್ಟಿಸಿ ನೋಡಬೇಡಿ, ವಿಡಿಯೋ ಮಾಡಬೇಡಿ. ಯಾರಾದರೂ ಕೂಗಾಡುತ್ತಿದ್ದರೆ ರಸ್ತೆಯ ಆಚೆ ಬದಿಗೆ ಹೋಗಿ. ತಡರಾತ್ರಿ ಸಬ್‌ವೇಯಲ್ಲಿ ಖಾಲಿ ಬೋಗಿ ಹತ್ತಬೇಡಿ, ಜನ ಇರುವ ಬೋಗಿ ಹತ್ತಿ. ತುರ್ತು ನಂಬರ್ 911.

ಅಲ್ಲಿ ಒಂಥರಾ ವಾಸನೆ ಇರುತ್ತೆ, ಅದೇನು?

ಗಾಂಜಾ. 2021ರಿಂದ ನ್ಯೂಯಾರ್ಕ್ ರಾಜ್ಯದಲ್ಲಿ 21 ವರ್ಷ ದಾಟಿದವರಿಗೆ ಅದು ಕಾನೂನುಬದ್ಧ. ನಡೆಯುವವರ ಬಯಲಿನಲ್ಲಿ ಯಾವುದೇ ಹೊಗೆ ಸೇದುವುದು 2011ರಿಂದಲೇ ನಿಷೇಧ, ಆದರೂ ಪಕ್ಕದ ಬೀದಿಗಳಿಂದ ಬರುತ್ತದೆ. ಒಂದು ಮುಖ್ಯ ವಿಷಯ: ಅಮೆರಿಕದ ಕೇಂದ್ರ ಸರ್ಕಾರದ ಕಾನೂನಿನಲ್ಲಿ ಅದು ಇನ್ನೂ ಅಪರಾಧ. ವೀಸಾ ಮೇಲೆ ಬಂದವರು ಆ ಅಂಗಡಿಗಳಿಂದ ದೂರ ಇರಿ, ಮಿಠಾಯಿ ರೂಪದಲ್ಲಿ ಸಿಕ್ಕರೂ.

ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೆ ಏನು ಗತಿ?

ಬಯಲಿನ ಸುತ್ತ ಹಸಿವು ತಣಿಸಲು ಚೀಸ್ ಪಿಜ್ಜಾ ಸ್ಲೈಸ್ ಇದೆ, ರಸ್ತೆಬದಿ ಗಾಡಿಗಳಲ್ಲಿ ಫಲಾಫೆಲ್ ಇದೆ. ಫಲಾಫೆಲ್ ಅಂದರೆ ಕಡಲೆಯ ವಡೆಯೇ, ಆದರೆ ಅದೇ ಗಾಡಿಯಲ್ಲಿ ಮಾಂಸವನ್ನೂ ಬೇಯಿಸುತ್ತಾರೆ, ಅದು ಆಗದವರು ನೋಡಿಕೊಳ್ಳಿ. ಅಲ್ಲಿ "ವೆಜಿಟೇರಿಯನ್" ಅಂದರೆ ಮೊಟ್ಟೆ ಸೇರಿರಬಹುದು. ಮೊಟ್ಟೆ ತಿನ್ನದವರು "ನೋ ಎಗ್" ಅಂತ ಬಿಡಿಸಿ ಹೇಳಿ. ಬಯಲಿಗೆ ಮುಖ ಮಾಡಿದ ದೊಡ್ಡ ರೆಸ್ಟೋರೆಂಟುಗಳಲ್ಲಿ ಕೂತು ತಿನ್ನುವುದು ನನ್ನ ಪ್ರಕಾರ ದುಡ್ಡಿಗೆ ದಂಡ.

ಸರಿಯಾದ ಊಟ ಬೇಕಿದ್ದರೆ ಅಲ್ಲಿಂದಲೇ 7ನೇ ನಂಬರ್ ರೈಲು ಹತ್ತಿ. ಅರ್ಧ ಗಂಟೆಯೊಳಗೆ 74ನೇ ಬೀದಿ ಬ್ರಾಡ್‌ವೇ ನಿಲ್ದಾಣ, ಅದೇ ಜ್ಯಾಕ್ಸನ್ ಹೈಟ್ಸ್. ಇದು ಕ್ವೀನ್ಸ್‌ನ ಬ್ರಾಡ್‌ವೇ, ಬೇರೆಯದೇ ರಸ್ತೆ, ಗಾಬರಿ ಆಗಬೇಡಿ. ಭಾರತ, ನೇಪಾಳ, ಬಾಂಗ್ಲಾ ಎಲ್ಲರ ಅಂಗಡಿಗಳೂ ಅಲ್ಲಿವೆ. ಅದೇ ರೈಲಿನಲ್ಲಿ ಕೊನೆಯ ನಿಲ್ದಾಣ ಫ್ಲಶಿಂಗ್‌ವರೆಗೆ ಹೋದರೆ, ಅಲ್ಲಿಂದ ಬಸ್ಸಿನಲ್ಲೋ ಟ್ಯಾಕ್ಸಿಯಲ್ಲೋ ಸ್ವಲ್ಪ ದೂರದಲ್ಲಿ ಬೌನ್ ಸ್ಟ್ರೀಟಿನ ಗಣೇಶ ದೇವಸ್ಥಾನ, 1977ರಲ್ಲಿ ಪ್ರತಿಷ್ಠೆ ಆದದ್ದು. ಅದರ ನೆಲಮಾಳಿಗೆಯ ಕ್ಯಾಂಟೀನಿನ ದೋಸೆ ತಿಂದ ಹಿರಿಯರು ಟೈಮ್ಸ್ ಸ್ಕ್ವೇರಿಗಿಂತ ಅದನ್ನೇ ಜಾಸ್ತಿ ನೆನಪಿಸಿಕೊಳ್ಳುತ್ತಾರೆ. ಮ್ಯಾನ್‌ಹಟನ್ ಬಿಟ್ಟು ಹೋಗಲು ಸಮಯ ಇಲ್ಲ ಅಂದರೆ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ 28ನೇ ಬೀದಿಯ ಆಸುಪಾಸು ದಕ್ಷಿಣ ಭಾರತದ ಹೋಟೆಲುಗಳ ಸಾಲೇ ಇದೆ.

ಬೋರ್ಡಿನಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು. ಮೋಸ ಮಾಡಿದ್ರಾ?

ಇಲ್ಲ, ಅದು ತೆರಿಗೆ. ಅಮೆರಿಕದಲ್ಲಿ ಬರೆದ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ನ್ಯೂಯಾರ್ಕ್ ನಗರದಲ್ಲಿ ಅದು ಶೇ. 8.875. ಬಟ್ಟೆ, ಚಪ್ಪಲಿ 110 ಡಾಲರಿಗಿಂತ ಕಡಿಮೆಯದಾದರೆ ತೆರಿಗೆ ಇಲ್ಲ. ಹೋಟೆಲಿನಲ್ಲಿ ಕೂತು ತಿಂದರೆ ಶೇ. 18ರಿಂದ 20 ಟಿಪ್ಸ್ ವಾಡಿಕೆ. ಪ್ರವಾಸಿಗರು ಜಾಸ್ತಿ ಇರುವ ಕಡೆ ಅದನ್ನು ಮೊದಲೇ ಬಿಲ್ಲಿಗೆ ಸೇರಿಸಿರುತ್ತಾರೆ, ನೋಡದೆ ಎರಡನೇ ಸಲ ಕೊಡಬೇಡಿ.

ಶಾಪಿಂಗ್ ಮಾಡಬಹುದಾ?

ಮಾಡಬಹುದು. ಆದರೆ ಎಲ್ಲ ಮಾಲ್‌ಗಳಲ್ಲಿ ಸಿಗುವ ಅಂಗಡಿಗಳೇ ಅಲ್ಲೂ ಇರುವುದು. ಸಮಯ ಹಾಳು.

## ನಾಟಕ ಮತ್ತು ಹೊಸ ವರ್ಷ

ಬ್ರಾಡ್‌ವೇ ಶೋ ಟಿಕೆಟ್ ತುಂಬಾ ದುಬಾರಿ. ಕಡಿಮೆಗೆ ಸಿಗುತ್ತಾ?

ಸಿಗುತ್ತದೆ. ಕೆಂಪು ಮೆಟ್ಟಿಲಿನ ಕೆಳಗೇ ಟಿಕೆಟ್ ಕೌಂಟರ್ ಇದೆ, ಹೆಸರು ಟಿಕೆಟಿಎಸ್. 1973ರಿಂದ ಇದೇ ಜಾಗದಲ್ಲಿದೆ, ನಡೆಸುವುದು ಲಾಭಕ್ಕಲ್ಲದ ಒಂದು ಸಂಸ್ಥೆ. ಅವತ್ತಿನ ಆಟದಲ್ಲಿ ಉಳಿದ ಸೀಟುಗಳನ್ನು ಶೇ. 20ರಿಂದ 50ರವರೆಗೆ ಕಡಿಮೆಗೆ ಕೊಡುತ್ತಾರೆ. ಯಾವ ಶೋ ಇದೆ, ಎಷ್ಟು ರಿಯಾಯಿತಿ ಅನ್ನುವುದನ್ನು ಅವರ ಆಪಿನಲ್ಲಿ ನೋಡಬಹುದು, ಕೊಳ್ಳಲು ಮಾತ್ರ ಸಾಲಿನಲ್ಲೇ ನಿಲ್ಲಬೇಕು. ತುಂಬಾ ಹೆಸರಾದ ಶೋಗಳು ಅಲ್ಲಿಗೆ ಬರುವುದಿಲ್ಲ. ಅದಕ್ಕೆ ಆಯಾ ಶೋದ ಆನ್‌ಲೈನ್ ಲಾಟರಿ ಹಾಕಬಹುದು, ಇಲ್ಲವೇ ಬೆಳಿಗ್ಗೆ ನಾಟಕಮಂದಿರದ ಕಿಟಕಿ ತೆರೆಯುವ ಹೊತ್ತಿಗೆ ಹೋಗಿ ರಷ್ ಟಿಕೆಟ್, ಅಂದರೆ ಅವತ್ತಿನ ಆಟಕ್ಕೆ ಕಡಿಮೆ ಬೆಲೆಯ ಟಿಕೆಟ್ ಕೇಳಬಹುದು.

ಬ್ರಾಡ್‌ವೇ ನಾಟಕಮಂದಿರಗಳು 41. ಹೆಸರು ಬ್ರಾಡ್‌ವೇ ಆದರೂ ಹೆಚ್ಚಿನವು ಇರುವುದು ಅಡ್ಡಬೀದಿಗಳಲ್ಲಿ, ವಿಳಾಸ ಸರಿಯಾಗಿ ನೋಡಿಕೊಳ್ಳಿ. ಸೋಮವಾರ ಬಹಳಷ್ಟು ಕಡೆ ರಜಾ. ಬುಧವಾರ ಮತ್ತು ವಾರಾಂತ್ಯ ಮಧ್ಯಾಹ್ನದ ಆಟ ಇರುತ್ತದೆ.

ಅಪ್ಪ ಅಮ್ಮನಿಗೆ ಇಂಗ್ಲಿಷ್ ಅಷ್ಟು ಬರಲ್ಲ. ಶೋಗೆ ಕರ್ಕೊಂಡು ಹೋದ್ರೆ ಬೋರ್ ಆಗುತ್ತಾ?

ಮಾತಿನ ನಾಟಕ ಬೇಡ, ಹಾಡು ಕುಣಿತ ಇರುವ ಮ್ಯೂಸಿಕಲ್ ಆರಿಸಿ. ಕಥೆಯನ್ನು ಮೊದಲೇ ಮನೆಯಲ್ಲಿ ಕನ್ನಡದಲ್ಲಿ ಹೇಳಿಬಿಡಿ. ರಾತ್ರಿಯೆಲ್ಲ ಯಕ್ಷಗಾನ ನೋಡಿ ಬೆಳೆದವರಿಗೆ ವೇಷ, ಬೆಳಕು, ಹಿಮ್ಮೇಳದ ಭಾಷೆ ಬೇರೆ ಹೇಳಿಕೊಡಬೇಕಾಗಿಲ್ಲ. ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಅವರೇ ರಂಗದ ಸೂಕ್ಷ್ಮಗಳನ್ನು ಹಿಡಿಯುತ್ತಾರೆ.

ಬಂದ ಮೊದಲ ವಾರ ಮಾತ್ರ ಬುಕ್ ಮಾಡಬೇಡಿ. ಬೇಸಿಗೆಯಲ್ಲಿ ನ್ಯೂಯಾರ್ಕಿನ ರಾತ್ರಿ ಎಂಟು ಅಂದರೆ ಊರಿನಲ್ಲಿ ಬೆಳಗಿನ ಐದೂವರೆ. ದೀಪ ಆರಿದ ಕೂಡಲೇ ನಿದ್ದೆ ಬರುತ್ತದೆ. ಮಧ್ಯಾಹ್ನದ ಆಟ ಒಳ್ಳೆಯದು. ಸೀಟುಗಳು ಇಕ್ಕಟ್ಟು, ಮಂಡಿನೋವಿನವರಿಗೆ ಸಾಲಿನ ತುದಿಯ ಸೀಟು ಕೇಳಿ.

ಡಿಸೆಂಬರ್ 31ಕ್ಕೆ ಹೋಗಬೇಕು ಅಂತ ಮಕ್ಕಳ ಹಟ. ಹೇಗಿರುತ್ತೆ?

ನೋಡಲು ಟಿಕೆಟ್ ಬೇಕಿಲ್ಲ. ಆದರೆ ಒಳ್ಳೆಯ ಜಾಗ ಬೇಕಿದ್ದರೆ ಮಧ್ಯಾಹ್ನವೇ ಹೋಗಬೇಕು. ಪೊಲೀಸರು ತಪಾಸಣೆ ಮಾಡಿ, ತಡೆಬೇಲಿ ಹಾಕಿದ ಅಂಕಣಗಳೊಳಗೆ ಬಿಡುತ್ತಾರೆ. ಒಮ್ಮೆ ಹೊರಗೆ ಬಂದರೆ ಜಾಗ ಹೋಯಿತು. ಒಳಗೆ ಟಾಯ್ಲೆಟ್ ಇಲ್ಲ. ದೊಡ್ಡ ಬ್ಯಾಗ್, ಛತ್ರಿ, ಮದ್ಯ ಬಿಡುವುದಿಲ್ಲ. ಕೂರಲು ಏನೂ ಇಲ್ಲ, ಚಳಿ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಹತ್ತು ಗಂಟೆಗೂ ಹೆಚ್ಚು ಹೊತ್ತು ಹೀಗೆ ನಿಂತು, ಕೊನೆಯ 60 ಸೆಕೆಂಡು ಕಟ್ಟಡದ ತುದಿಯ ಕಂಬದಿಂದ ದೀಪದ ಗೋಳ ಇಳಿಯುವುದನ್ನು ನೋಡುವುದು.

ಇಪ್ಪತ್ತರ ಹುಡುಗರು ಸ್ನೇಹಿತರ ಜೊತೆ ಹೋಗಲಿ, ಜೀವನಪೂರ್ತಿ ನೆನಪಿರುತ್ತದೆ. ಚಿಕ್ಕ ಮಕ್ಕಳು, ಸಕ್ಕರೆ ಕಾಯಿಲೆ ಇರುವವರು, ವಯಸ್ಸಾದವರು ಇದ್ದರೆ ನಾನು ಬೇಡ ಅಂತಲೇ ಹೇಳುತ್ತೇನೆ. ಮಕ್ಕಳ ಹಟಕ್ಕೆ ಇನ್ನೊಂದು ದಾರಿ ಇದೆ, ಡಿಸೆಂಬರ್ ಕೊನೆ ವಾರದ ಯಾವುದಾದರೂ ಸಂಜೆ ಹೋಗಿ. ಜಾತ್ರೆ ಅದೇ, ಬೇಲಿ ಇಲ್ಲ.

ಅಲ್ಲ, ಗೋಳ ಯಾಕೆ ಇಳಿಸೋದು?

ಮೊದಲು ಪಟಾಕಿ ಹೊಡೆಯುತ್ತಿದ್ದರು, ಕೆಳಗಿನ ಜನರ ಮೇಲೆ ಬಿಸಿ ಬೂದಿ ಬೀಳುತ್ತದೆ ಅಂತ ನಗರ ಅದನ್ನು ನಿಲ್ಲಿಸಿತು. ಬದಲಿಗೆ 1907ರ ಕೊನೆಯ ರಾತ್ರಿ ಕಬ್ಬಿಣ ಮತ್ತು ಮರದಲ್ಲಿ ಮಾಡಿದ ಐದು ಅಡಿ ಅಗಲದ ಗೋಳಕ್ಕೆ 100 ಬಲ್ಬು ಹಾಕಿ ಇಳಿಸಿದರು. ಈ ಉಪಾಯ ಹಡಗಿನವರದ್ದು. ಬಂದರುಗಳಲ್ಲಿ ದಿನವೂ ಗೊತ್ತಾದ ಹೊತ್ತಿಗೆ ಎತ್ತರದ ಕಂಬದಿಂದ ಗೋಳ ಬೀಳಿಸುತ್ತಿದ್ದರು, ಅದನ್ನು ನೋಡಿ ನಾವಿಕರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಗ್ರೀನಿಚ್‌ನಲ್ಲಿ 1833ರಿಂದಲೇ ಇತ್ತು.

1942 ಮತ್ತು 1943ರಲ್ಲಿ ಯುದ್ಧದ ಕಾಲದ ದೀಪನಿರ್ಬಂಧದಿಂದಾಗಿ ಗೋಳ ಇಳಿಯಲಿಲ್ಲ. ಜನ ಆಗಲೂ ಬಂದು ಸೇರಿದರು, ಒಂದು ನಿಮಿಷ ಮೌನವಾಗಿ ನಿಂತರು.

## ಇನ್ನೊಮ್ಮೆ ಹೋಗುವವರಿಗೆ, ಇನ್ನಷ್ಟು ತಿಳಿಯಬೇಕೆನ್ನುವವರಿಗೆ

ಈ ಹೆಸರು ಪತ್ರಿಕೆಯದ್ದಾ?

ಹೌದು. ಮೊದಲು ಇದು ಲಾಂಗ್‌ಏಕರ್ ಸ್ಕ್ವೇರ್, ಕುದುರೆಗಾಡಿ ವ್ಯಾಪಾರದ ಜಾಗ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇಲ್ಲಿ ಕಟ್ಟಡ ಕಟ್ಟಲು ಹೊರಟಾಗ, 1904ರ ಏಪ್ರಿಲ್‌ನಲ್ಲಿ ನಗರ ಹೆಸರು ಬದಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸಬ್‌ವೇ ಬಂತು, ಜನ ತುಂಬಿಕೊಂಡರು. ಪತ್ರಿಕೆ ಮಾತ್ರ 1913ರಲ್ಲೇ ಪಕ್ಕದ ಬೀದಿಗೆ ಹೋಯಿತು, ಕಟ್ಟಡ ಸಾಲಲಿಲ್ಲ. ಆ ಸಣಕಲು ಕಟ್ಟಡವೇ ಗೋಳ ಇಳಿಯುವ ಒನ್ ಟೈಮ್ಸ್ ಸ್ಕ್ವೇರ್. 1928ರ ಚುನಾವಣೆಯ ಫಲಿತಾಂಶವನ್ನು ಅದರ ಸುತ್ತ ಓಡುವ ಬಲ್ಬಿನ ಅಕ್ಷರಗಳಲ್ಲಿ ತೋರಿಸಿದರು, ಈಗ ಟಿವಿಯ ಕೆಳಗೆ ಓಡುವ ಸಾಲಿನ ಮೂಲ ಅಲ್ಲೇ ಇದೆ. ಆಮೇಲೆ ಎಷ್ಟೋ ವರ್ಷ ಅದರ ಹೆಚ್ಚಿನ ಮಹಡಿಗಳು ಖಾಲಿ ಇದ್ದವು. ಒಳಗಿನ ಬಾಡಿಗೆಗಿಂತ ಹೊರಗಿನ ಗೋಡೆಯ ಜಾಹೀರಾತಿಗೇ ಜಾಸ್ತಿ ದುಡ್ಡು ಬರುತ್ತಿತ್ತು.

ನೆಲದಡಿಯಿಂದ ಏನೋ ಗುಂಯ್ ಅಂತ ಶಬ್ದ ಬರುತ್ತೆ, ಜನರೇಟರಾ?

ನಿಮ್ಮ ಕಿವಿಗೆ ಶರಣು. ಹೆಚ್ಚಿನವರಿಗೆ ಅದು ಕೇಳಿಸುವುದೇ ಇಲ್ಲ. ಅದು ಒಂದು ಕಲಾಕೃತಿ. ಮ್ಯಾಕ್ಸ್ ನ್ಯೂಹೌಸ್ ಅನ್ನುವ ಕಲಾವಿದ 1977ರಲ್ಲಿ 45 ಮತ್ತು 46ನೇ ಬೀದಿಗಳ ನಡುವೆ, ಸಬ್‌ವೇಗೆ ಗಾಳಿ ಹೋಗುವ ಕಬ್ಬಿಣದ ಜಾಲರಿಯ ಕೆಳಗೆ ಇಟ್ಟದ್ದು. ದೊಡ್ಡ ಗಂಟೆ ಹೊಡೆದ ಮೇಲೆ ಉಳಿಯುವ ನಾದದಂಥ ಒಂದು ಸ್ವರ, ಹಗಲು ರಾತ್ರಿ. 1992ರಲ್ಲಿ ನಿಂತಿತ್ತು, 2002ರಲ್ಲಿ ಮತ್ತೆ ಶುರುವಾಯಿತು. ಅಲ್ಲಿ ಬೋರ್ಡಿಲ್ಲ, ಹೆಸರಿಲ್ಲ, ಅದನ್ನು ಬೇಕೆಂದೇ ಹಾಗೆ ಬಿಟ್ಟಿದ್ದಾರೆ. ಜಾಲರಿಯ ಮೇಲೆ ನಿಂತು ಕಣ್ಣು ಮುಚ್ಚಿಕೊಳ್ಳಿ. ಅಷ್ಟು ಗದ್ದಲದ ನಡುವೆಯೂ ಅದು ಸಿಗುತ್ತದೆ. ಇಡೀ ಜಾಗದಲ್ಲಿ ನನಗೆ ಅತಿ ಪ್ರೀತಿಯದ್ದು ಇದೇ.

ಮಧ್ಯರಾತ್ರಿ ಎಲ್ಲ ಬೋರ್ಡುಗಳೂ ಒಂದೇ ಚಿತ್ರ ತೋರಿಸ್ತಾವಂತೆ, ನಿಜಾನಾ?

ನಿಜ. ಪ್ರತಿ ರಾತ್ರಿ 11:57ಕ್ಕೆ ಬಹಳಷ್ಟು ಪರದೆಗಳಲ್ಲಿ ಜಾಹೀರಾತು ನಿಂತು, ಮೂರು ನಿಮಿಷ ಒಬ್ಬ ಕಲಾವಿದರ ಕೃತಿ ಓಡುತ್ತದೆ. ಮಿಡ್‌ನೈಟ್ ಮೊಮೆಂಟ್ ಅಂತ ಕರೆಯುತ್ತಾರೆ. ತಿಂಗಳಿಗೊಬ್ಬ ಕಲಾವಿದರು. ಐದು ನಿಮಿಷ ಮೊದಲೇ ಕೆಂಪು ಮೆಟ್ಟಿಲಿನ ಎದುರು ನಿಂತಿರಿ, ತಡವಾದರೆ ಮುಗಿದೇಹೋಗಿರುತ್ತದೆ.

ಕ್ಯಾಮೆರಾ, ಡ್ರೋನ್ ತಗೊಂಡು ಹೋಗಬಹುದಾ? ಒಳ್ಳೆ ಫೋಟೋ ಹೇಗೆ ತೆಗೆಯೋದು?

ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೆ ಯಾರ ಅನುಮತಿಯೂ ಬೇಡ. ಡ್ರೋನ್ ಅನುಮತಿ ಇಲ್ಲದೆ ಹಾರಿಸುವಂತಿಲ್ಲ, ಊರಲ್ಲೇ ಬಿಟ್ಟುಬನ್ನಿ.

ಫೋನಿನಲ್ಲಿ ತೆಗೆಯುವವರು ಪರದೆಯ ಮೇಲೆ ಬೆರಳಿಟ್ಟು ಬೆಳಕು ಕಡಿಮೆ ಮಾಡಿ. ಇಲ್ಲದಿದ್ದರೆ ಬೋರ್ಡುಗಳೆಲ್ಲ ಬರೀ ಬಿಳಿ ತೇಪೆಗಳಾಗುತ್ತವೆ. ಮನೆಯವರ ಫೋಟೋ ತೆಗೆಯುವಾಗ ದೊಡ್ಡ ಪರದೆಗೆ ಅವರ ಬೆನ್ನಲ್ಲ, ಮುಖ ಇರಲಿ, ಮುಖಕ್ಕೆ ಬಣ್ಣದ ಬೆಳಕು ಬೀಳುತ್ತದೆ. ಮಳೆ ಬಂದು ನಿಂತ ರಾತ್ರಿ ಸಿಕ್ಕರೆ ಬಿಡಬೇಡಿ, ಒದ್ದೆ ನೆಲದಲ್ಲಿ ಎಲ್ಲವೂ ಇನ್ನೊಮ್ಮೆ ಕಾಣುತ್ತದೆ.

ಮೇ ಕೊನೆಯಲ್ಲಿ ಮತ್ತು ಜುಲೈ ಎರಡನೇ ವಾರದ ಸುಮಾರಿಗೆ ಬರುವವರಿಗೆ ಇನ್ನೊಂದು ಸೂಚನೆ. ಮ್ಯಾನ್‌ಹಟನ್‌ನ ಬೀದಿಗಳು ಸರಿಯಾಗಿ ಪೂರ್ವ ಪಶ್ಚಿಮಕ್ಕಿಲ್ಲ, 29 ಡಿಗ್ರಿ ತಿರುಗಿವೆ. ಹಾಗಾಗಿ ವರ್ಷದಲ್ಲಿ ಈ ಎರಡು ಹೊತ್ತಿನಲ್ಲಿ ಮಾತ್ರ ಸೂರ್ಯ ಬೀದಿಯ ನಟ್ಟನಡುವೆ, ಎರಡೂ ಕಡೆಯ ಕಟ್ಟಡಗಳ ಮಧ್ಯೆ ಮುಳುಗುತ್ತಾನೆ. 42ನೇ ಬೀದಿಯಲ್ಲಿ ಅದು ಬಹಳ ಚೆನ್ನಾಗಿ ಕಾಣುತ್ತದೆ. ಆದಷ್ಟು ಪೂರ್ವಕ್ಕೆ ಹೋಗಿ, ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮೊದಲೇ ಜಾಗ ಹಿಡಿಯಿರಿ. ಸಿಗ್ನಲ್ ಕೆಂಪಾದ ಕೂಡಲೇ ನೂರಾರು ಜನ ರಸ್ತೆಗೆ ಇಳಿಯುತ್ತಾರೆ. ನೀವು ಫುಟ್‌ಪಾತಿನ ಅಂಚಿನಿಂದಲೇ ತೆಗೆಯಿರಿ.